ಕಪ್ಪು ಮದರಂಗಿ ಮದರಂಗಿಯೇ ಅಲ್ಲ



ನಮ್ಮ ಕಾಸರಗೋಡಿನ ಕಡೆ ಮದರಂಗಿ ಯಾರಿಗೂ ಹೊಸತಲ್ಲ. ನೆರೆಮನೆಯ ಮುಸ್ಲಿಂ ಅಕ್ಕಂದಿರು ಅದನ್ನು ಮೈಲಾಂಜಿ ಅನ್ನುತ್ತಾರೆ, ಪೆರ್ನಾಲಿಗೂ ಮದುವೆಗೂ ಕೈತುಂಬ ಇಡುತ್ತಾರೆ. ನಮ್ಮ ಮನೆಗಳಲ್ಲಿಯೂ ಈಗ ರೋಸ್‌ಗೆ ಮುಂಚೆ ಮದುಮಗಳ ಕೈಗೆ ಮೆಹಂದಿ ಬೇಕೇ ಬೇಕು. ಅಕ್ಕನ ಪಕ್ಕ ಕುಳಿತ ಪುಟ್ಟ ತಂಗಿಯೂ ಕೈ ಚಾಚುತ್ತಾಳೆ. ಯಾರಿಗೂ ಭಯವಿಲ್ಲ, ಯಾಕೆಂದರೆ ಅದು ಸೊಪ್ಪಿನ ಬಣ್ಣ ಎಂಬ ನಂಬಿಕೆ.

ಆ ನಂಬಿಕೆಯ ಹೆಸರಿನಲ್ಲಿಯೇ ಬೇರೊಂದು ವಸ್ತು ಮಕ್ಕಳ ಚರ್ಮಕ್ಕೆ ಬರುತ್ತಿದೆ. ಅದನ್ನು ಹೇಳಲಿಕ್ಕೆ ಈ ಬರಹ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ವಾರ್ಡಿನ ಒಂದು ಕುಟುಂಬ ಕಡಲತೀರಕ್ಕೆ ಹೋಗಿತ್ತು. ಅಲ್ಲಿ ಟ್ಯಾಟೂ ಹಾಕುವವರೊಬ್ಬರು ಎಂಟು ವರ್ಷದ ಮಗಳ ಮುಂಗೈಗೆ ಒಂದು ಕಪ್ಪು ಚಿಟ್ಟೆ ಬಿಡಿಸಿದರು. ಅರ್ಧ ಗಂಟೆಯಲ್ಲಿ ಒಣಗಿತು. ನೋಡಲು ಚಂದವೇ ಇತ್ತು. ಹತ್ತನೆಯ ದಿನ ತುರಿಕೆ ಶುರುವಾಯಿತು. ಮರುದಿನ ಚಿಟ್ಟೆಯ ಗೆರೆಗಳು ಕೆಂಪಾಗಿ ಎದ್ದು ನಿಂತವು, ಆಮೇಲೆ ನೀರುಗುಳ್ಳೆಗಳು. ಅಜ್ಜಿ ಸರ್ಪಸುತ್ತು ಎಂದರು. ಇನ್ನೊಬ್ಬರು ಹುಳ ಮುಟ್ಟಿರಬೇಕು ಎಂದರು. ಹತ್ತು ದಿನ ಹಿಂದಿನ ಟ್ಯಾಟೂ ಯಾರಿಗೂ ನೆನಪಾಗಲಿಲ್ಲ. ಚರ್ಮದ ಡಾಕ್ಟರು ಮಾತ್ರ ನೋಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ: “ಕಪ್ಪು ಮೆಹಂದಿ ಹಾಕಿಸಿದ್ದಿರಾ?”

ನಾನು ಬಿ.ಎಸ್ಸಿ. ರಸಾಯನಶಾಸ್ತ್ರ ಓದಿದವನು ಎಂಬ ಕಾರಣಕ್ಕೆ ಆ ಅಕ್ಕ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಹೆಸರು ಹಾಕದೆ ಬರೆಯಬಹುದು ಎಂದು ಅವರೇ ಒಪ್ಪಿದ್ದಾರೆ.

ಮದರಂಗಿ ಸೊಪ್ಪಿನಲ್ಲಿ ಲಾಸೋನ್ ಎಂಬ ಬಣ್ಣದ ಅಂಶ ಇದೆ. ಅದು ಚರ್ಮದ ಮೇಲ್ಪದರದ ಕೆರಟಿನ್‌ಗೆ ನಿಧಾನವಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಗಂಟೆಗಟ್ಟಲೆ ಇಟ್ಟುಕೊಳ್ಳಬೇಕು. ತೆಗೆದಾಗ ಕಿತ್ತಳೆ ಬಣ್ಣ, ಒಂದೆರಡು ದಿನದಲ್ಲಿ ಕೆಂಪು ಕಂದು. ಸೊಪ್ಪಿನಿಂದ ಮಾತ್ರ ಕಡುಗಪ್ಪು ಬಣ್ಣ ಬರುವುದೇ ಇಲ್ಲ.

ಹಾಗಾದರೆ ಆ ಕಪ್ಪು ಎಲ್ಲಿಂದ? ಹೆಚ್ಚಾಗಿ ಪ್ಯಾರಾ-ಫಿನೈಲಿನ್‌ಡೈಅಮೀನ್‌ನಿಂದ. ಚಿಕ್ಕದಾಗಿ ಪಿಪಿಡಿ. ತಲೆಕೂದಲಿನ ಡೈಯಲ್ಲಿ ಇರುವ ರಾಸಾಯನಿಕ ಇದು. ಯುರೋಪಿನ ನಿಯಮದಂತೆ ಕೂದಲಿಗೆ ಹಚ್ಚುವಾಗ ಇದು ಶೇ. 2ಕ್ಕಿಂತ ಹೆಚ್ಚು ಇರಬಾರದು, ಚರ್ಮಕ್ಕೆ ಹಚ್ಚಲು ಅನುಮತಿಯೇ ಇಲ್ಲ. ಅಮೆರಿಕದಲ್ಲಿಯೂ ಚರ್ಮಕ್ಕೆ ಇದನ್ನು ಬಳಸುವಂತಿಲ್ಲ. ಆದರೆ ಕಪ್ಪು ಟ್ಯಾಟೂಗಳ ಕೆಲವು ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 15ಕ್ಕಿಂತಲೂ ಹೆಚ್ಚು ಸಿಕ್ಕಿದ್ದುಂಟು. ಕೂದಲಿನ ಡೈಯನ್ನು ಸ್ವಲ್ಪ ಹೊತ್ತಿನಲ್ಲಿ ತೊಳೆಯುತ್ತೇವೆ. ಇದನ್ನು ಚರ್ಮದ ಮೇಲೆಯೇ ಒಣಗಲು ಬಿಡುತ್ತಾರೆ.

ಪಿಪಿಡಿ ಬಹಳ ಸಣ್ಣ ಅಣು. ಸುಲಭವಾಗಿ ಚರ್ಮದ ಒಳಗೆ ಇಳಿದು ಅಲ್ಲಿನ ಪ್ರೋಟೀನ್‌ಗಳಿಗೆ ಅಂಟುತ್ತದೆ. ಆಗ ದೇಹದ ಕಾವಲು ಕಣಗಳು ಅದನ್ನು ಶತ್ರು ಎಂದು ಗುರುತು ಹಾಕಿಕೊಳ್ಳುತ್ತವೆ. ಮೊದಲ ಸಲ ಇದಕ್ಕೆ ಒಂದೆರಡು ವಾರ ಬೇಕಾಗುವುದರಿಂದಲೇ ಗುಳ್ಳೆಗಳು ತಡವಾಗಿ ಬಂದವು. ಒಮ್ಮೆ ಗುರುತು ಹಾಕಿಕೊಂಡರೆ ಮುಂದಿನ ಸಲ ಒಂದರಿಂದ ಮೂರು ದಿನ ಸಾಕು. ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ಮುಲಾಮು ಹಚ್ಚಿ ಗುಳ್ಳೆ ವಾಸಿಯಾಯಿತು. ಆದರೆ ಚಿಟ್ಟೆ ಹೋಗಲಿಲ್ಲ. ಕಪ್ಪು ಇದ್ದಲ್ಲಿ ಬಿಳಿಚಿದ ಚಿಟ್ಟೆ ಉಳಿಯಿತು. ಮಕ್ಕಳಲ್ಲಿ ಇಂಥ ಕಲೆ ತಿಂಗಳುಗಟ್ಟಲೆ ಇರುವುದುಂಟು. ಆ ಮಗು ಮೊದಲ ಪರಮಪ್ರಸಾದದ ದಿನ ಉದ್ದ ತೋಳಿನ ಬಿಳಿ ಅಂಗಿ ಹಾಕಿಕೊಂಡಿತು. ಫೋಟೋದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಕಲೆಗಿಂತ ದೊಡ್ಡ ವಿಷಯ ಮುಂದಿದೆ. ನಾಳೆ ಅವಳು ದೊಡ್ಡವಳಾಗಿ ಕೂದಲಿಗೆ ಡೈ ಹಾಕಿಸಿದರೆ ಮುಖ, ಕಣ್ಣು ಬಾತುಕೊಳ್ಳಬಹುದು. ಬ್ಯೂಟಿ ಪಾರ್ಲರಿನ ಕೆಲಸ ಕಲಿಯುವ ಆಸೆ ಇದ್ದರೆ ಅದೂ ಕಷ್ಟ. ಕೆಲವು ಬಟ್ಟೆಯ ಬಣ್ಣಗಳು, ಬೆಂಜೊಕೇನ್ ಇರುವ ಮರಗಟ್ಟಿಸುವ ಮುಲಾಮುಗಳು ಕೂಡ ಆಗದೇ ಹೋಗಬಹುದು. ಆಟದ ಒಂದು ಚಿಟ್ಟೆಗೆ ಇಷ್ಟು ಬೆಲೆ.

ಇಷ್ಟೆಲ್ಲ ಕೇಳಿ ಆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಹಾಗಾದರೆ ಇವಳ ಮದುವೆಗೆ ಮದರಂಗಿ ಇಡಲಿಕ್ಕೇ ಇಲ್ಲವಾ?” ಎಂಟು ವರ್ಷದ ಮಗಳ ಮದುವೆ! ಆದರೆ ನನಗೆ ನಗು ಬರಲಿಲ್ಲ. ಅವರ ಅಜ್ಜಿ, ಅಮ್ಮ, ಅವರು, ಎಲ್ಲರೂ ಇಟ್ಟುಕೊಂಡದ್ದು ಮಗಳಿಗೆ ತಪ್ಪುತ್ತದೆ ಎಂಬ ನೋವು ಅದು. ನಾನು ಹೇಳಿದೆ: “ಅವಳಿಗೆ ಆಗದಿರುವುದು ಪಿಪಿಡಿ, ಸೊಪ್ಪು ಅಲ್ಲ ಅಕ್ಕ. ಶುದ್ಧ ಮದರಂಗಿಗೆ ಅಲರ್ಜಿ ಆಗುವುದು ಬಹಳ ಅಪರೂಪ. ಆದರೂ ಡಾಕ್ಟರನ್ನು ಕೇಳಿಯೇ ಇಡಿ. ಅಂಗಡಿಯ ಕೋನ್ ಮಾತ್ರ ಬೇಡ.”

ಹೆತ್ತವರು ಇಷ್ಟು ನೆನಪಿಡಿ. “ಅರ್ಧ ಗಂಟೆಯಲ್ಲಿ ಕಪ್ಪು” ಅಂದರೆ ಬೇಡ ಅನ್ನಿ. ಬೇಗ ಬಣ್ಣ ಬರುವ ಕೆಂಪು ಕೋನ್‌ಗಳಲ್ಲಿಯೂ ಬೇರೆ ರಾಸಾಯನಿಕ ಇರಬಹುದು. ಅರೆದ ಸೊಪ್ಪು ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಬಣ್ಣದ ಕಸುವು ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ಇರುವ ಕೋನ್‌ನ ಮೇಲೆ ‘ಹರ್ಬಲ್’ ಎಂದು ಬರೆದಿದ್ದರೂ ಸಂಶಯ ಇರಲಿ. ಜಿ6ಪಿಡಿ ಕೊರತೆ ಇರುವ ಮಕ್ಕಳಿಗೆ ಶುದ್ಧ ಮದರಂಗಿಯೂ ಅಪಾಯ, ರಕ್ತಕಣಗಳು ಒಡೆಯುತ್ತವೆ. ಆದ್ದರಿಂದ ಹಸುಗೂಸುಗಳಿಗೆ ಇಡಲೇಬೇಡಿ.

ತುರಿಕೆ ಬಂದರೆ ಅರಿಶಿನ, ಸುಣ್ಣ ಹಚ್ಚುತ್ತಾ ಕೂರಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ, ಎರಡು ವಾರ ಹಿಂದೆ ಹಾಕಿಸಿದ ಟ್ಯಾಟೂ ಬಗ್ಗೆಯೂ ಹೇಳಿ. ಮುಖ ಬಾತರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಪಿಪಿಡಿ ಅಲರ್ಜಿ ಎಂದು ಮಗುವಿನ ಆರೋಗ್ಯದ ಪುಸ್ತಕದಲ್ಲಿ ಬರೆಸಿಡಿ.

ವಾರ್ಷಿಕ ಹಬ್ಬಕ್ಕೆ ಇಗರ್ಜಿಯ ಅಂಗಳದಲ್ಲಿ ಟ್ಯಾಟೂ ಸ್ಟಾಲ್ ಇರಲಿ ಎಂದು ಈ ಸಲವೂ ಕೇಳಿದ್ದಾರೆ. “ಪಾಪ, ಅವರ ಹೊಟ್ಟೆಪಾಡು” ಎಂದು ನಮ್ಮ ಯುವಕರ ಸಭೆಯಲ್ಲಿ ಒಬ್ಬಳು ಹೇಳಿದಳು. ಅದೂ ನಿಜ. ಎಷ್ಟೋ ಮಂದಿಗೆ ತಮ್ಮ ಕೋನ್‌ನಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ, ದಿನವಿಡೀ ಅದನ್ನು ಹಿಡಿಯುವ ಅವರ ಕೈಗೂ ಅದೇ ಅಪಾಯ. ಅದಕ್ಕೆ ಅವರನ್ನು ಓಡಿಸುವುದು ಬೇಡ, ಕುಳಿತು ಮಾತಾಡುವ ಎಂದು ತೀರ್ಮಾನಿಸಿದೆವು. ಸೊಪ್ಪಿನ ಮದರಂಗಿ ಇಡುವುದಾದರೆ ಜಾಗ ಕೊಡುತ್ತೇವೆ, ಕಪ್ಪು ಬೇಡ.

ಹಿತ್ತಿಲಲ್ಲಿ ಮದರಂಗಿ ಗಿಡ ಇರುವವರು ಹಬ್ಬದ ಮುನ್ನಾದಿನ ಸೊಪ್ಪು ತಂದುಕೊಡಿ. ಅರೆಯುವ ಕೆಲಸ ಯುವಕರದ್ದು.