ಮೋಡ ಸರಿಯುವವರೆಗೆ

ಪ್ಯಾರಿಸ್ಸಿನ ಒರಾಂಜರಿ ಮೊದಲು ಕಿತ್ತಳೆ ಗಿಡಗಳನ್ನು ಚಳಿಯಿಂದ ಕಾಯುವ ಮನೆ. ಈಗ ಅಲ್ಲಿ ಇಂಪ್ರೆಷನಿಸ್ಟ್ ಕಲಾವಿದ ಕ್ಲೋದ್ ಮೊನೆಯ ನೈದಿಲೆಗಳಿವೆ: ಮೊಟ್ಟೆಯಾಕಾರದ ಎರಡು ಕೋಣೆಗಳಲ್ಲಿ, ಗೋಡೆಯುದ್ದಕ್ಕೂ ಎಂಟು ಚಿತ್ರಗಳು. ಕಣ್ಣಿನ ಪೊರೆಯೊಡನೆ ಗುದ್ದಾಡುತ್ತಲೇ ಬರೆದ ಮೊನೆ, ಅವುಗಳ ಮೇಲೆ ಹಗಲಿನ ಬೆಳಕೇ ಬೀಳಬೇಕೆಂದು ಬಯಸಿದ್ದ. 1926ರಲ್ಲಿ ತೀರಿಕೊಂಡ; ಕೋಣೆಗಳು ತೆರೆದದ್ದು 1927ರಲ್ಲಿ. 1960ರ ದಶಕದಲ್ಲಿ ಬೇರೊಂದು ಸಂಗ್ರಹಕ್ಕಾಗಿ ಮೇಲೆ ಮಹಡಿ ಬಂದು ಆಕಾಶ ಮುಚ್ಚಿತು. ಅದನ್ನು ಕಳಚಿ ಬೆಳಕು ಮರಳಿದ್ದು 2006ರಲ್ಲಿ.

ಬಂದವರಲ್ಲಿ ಹೆಚ್ಚಿನವರು ಫೋಟೋ ತೆಗೆದು ಹೊರಡುತ್ತಾರೆ. ನಡುವಿನ ಬೆಂಚಿನಲ್ಲಿ ಕೂತವರಿಗೆ ಮಾತ್ರ, ಹೊರಗೆ ಮೋಡ ಕವಿದಾಗ ಒಳಗಿನ ಕೊಳವೂ ಮಂಕಾಗುವುದು ಕಾಣುತ್ತದೆ. ಹೋಗುವವರು ಮೋಡ, ಬಿಸಿಲು ಎರಡೂ ಇರುವ ದಿನವೇ ಹೋಗಬೇಕು. ಮೋಡ ಸರಿಯುವವರೆಗೆ ಕೂತಿರಬೇಕು.