ಪಾತಿಯಲ್ಲಿ ಮಲಗುವ ನಾಯಿ

ಬೇಸಿಗೆಯ ಮಧ್ಯಾಹ್ನ ಬೀದಿನಾಯಿ ಹುಡುಕಿಕೊಂಡು ಬರುವುದು ಆಗಷ್ಟೇ ನೀರು ಹಾಕಿದ ಪಾತಿಯನ್ನು. ನಾಯಿಯ ಮೈಬಿಸಿ ಸಹಜವಾಗಿಯೇ 38ರಿಂದ 39 ಡಿಗ್ರಿ ಸೆಲ್ಸಿಯಸ್. ಬೆವರುವುದೋ ಹೆಚ್ಚಾಗಿ ಅಂಗಾಲಿನಲ್ಲಿ ಮಾತ್ರ. ಹಾಗಾಗಿ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಸಾಲದಿದ್ದರೆ ಮೇಲಿನ ಬಿಸಿಮಣ್ಣನ್ನು ಕೆರೆದು, ಎರಡು ಸುತ್ತು ತಿರುಗಿ, ಕೆಳಗಿನ ತಂಪಿಗೆ ಹೊಟ್ಟೆ ತಾಗಿಸಿ ಮಲಗುತ್ತದೆ. ಸೇವಂತಿಗೆ ಸಸಿ ಅದರಡಿ ಸಿಕ್ಕಿದ್ದು ಹಗೆಯಿಂದಲ್ಲ.

ಕೆದರಲು ಇನ್ನೊಂದು ಕಾರಣ ವಾಸನೆ. ಎಲುಬಿನ ಪುಡಿ, ಕಡಲೆಹಿಂಡಿ ಹಾಕಿದ ಕುಂಡ ನಾಯಿಯ ಮೂಗಿಗೆ ಊಟದ ತಟ್ಟೆಯೇ ಸರಿ. ನಿಜಕ್ಕೂ ಹೆದರಬೇಕಾದದ್ದು ಹರಳುಹಿಂಡಿಗೆ: ಅದರಲ್ಲಿ ಉಳಿದಿರಬಹುದಾದ ರೈಸಿನ್ ಎಂಬ ವಿಷ ವಾಂತಿ, ರಕ್ತಭೇದಿ ತಂದು ನಾಯಿಯನ್ನು ಕೊಲ್ಲಬಲ್ಲದು.

ಗೇಟಿನ ಪಕ್ಕದ ಗಿಡದ ಬುಡದೆಲೆಗಳು ಕಂದಾಗುವುದು ನಾಯಿಯ ಮೂತ್ರದಲ್ಲಿನ ಯೂರಿಯಾ, ಲವಣಗಳಿಂದ. ಕೂಡಲೇ ಒಂದು ಚೊಂಬು ನೀರು ಸುರಿದರೆ ಅದರ ಕಾವು ತಗ್ಗುತ್ತದೆ.

ಬೆಂಗಳೂರು, ಮೈಸೂರುಗಳ ಗೇಟುಗಳಲ್ಲಿ ಕಾಣುವ ನೀಲಿ, ಕೆಂಪು ನೀರಿನ ಬಾಟಲಿ ನಾಯಿಯನ್ನು ಓಡಿಸುತ್ತದೆಂಬುದು ಬರೀ ನಂಬಿಕೆ. ನೀಲಿ ಅದಕ್ಕೆ ಚೆನ್ನಾಗಿಯೇ ಕಾಣುತ್ತದೆ, ಕೆಂಪು ಮಾತ್ರ ಮಂಕು. ಎರಡಕ್ಕೂ ಅದು ಬೆದರುವುದಿಲ್ಲ. ಬಾಟಲಿಯ ಕೆಳಗೇ ನಿದ್ದೆ ಹೊಡೆಯುವ ನಾಯಿಗಳುಂಟು. ಕೆಲಸಕ್ಕೆ ಬರುವುದು ಪಾತಿಯ ಮೇಲೆ ಅಡ್ಡಡ್ಡ ಹರಡಿದ ನಿಂಬೆಗಿಡದ ಒಣ ಮುಳ್ಳುಕಡ್ಡಿ, ಮತ್ತು ಗೋಡೆಯ ನೆರಳಿನಲ್ಲೊಂದು ಒದ್ದೆ ಗೋಣಿಚೀಲ.