ಮಲಗಿದ ಮುಳ್ಳು

ಶಿಕಾರಿಪುರದಿಂದ ಸೊರಬದ ನೆಂಟರ ಮನೆಗೆ ಹೊರಟ ದಿನ ಹುಚ್ಚರಾಯಸ್ವಾಮಿಗೆ ಕೈ ಮುಗಿದೇ ಗಾಡಿ ತಿರುಗಿಸಿದ್ದೆ. ಊರು ದಾಟಿ ಸ್ವಲ್ಪ ದೂರ ಬಂದಿರಬಹುದು, ಮೀಟರಿನ ಮುಳ್ಳು ಅರವತ್ತರಿಂದ ದೊಪ್ಪನೆ ಸೊನ್ನೆಗೆ ಬಿತ್ತು. ಗಾಡಿ ಮಾತ್ರ ಓಡುತ್ತಲೇ ಇತ್ತು. ಉಂಡು ಜಗಲಿಯಲ್ಲಿ ಉರುಳಿದ ಯಜಮಾನನ ಹಾಗೆ ಮುಳ್ಳು ಮಲಗಿದೆ, ಮನೆಗೆಲಸ ಅದರ ಪಾಡಿಗೆ ನಡೆದಿದೆ.

"ಬಿದ್ರೆ ಬೀಳ್ಲಿ ಬಿಡಿ ಅಳಿಯಂದ್ರೇ," ಎಂದರು ಪಕ್ಕದಲ್ಲಿ ಕೂತ ಮಾವ. "ಶಿರಾಳಕೊಪ್ಪಕ್ಕೆ ಎರಡು ಕವಳ. ಎರಡನೇದು ಉಗುಳೋ ಹೊತ್ತಿಗೆ ಊರು ಬರುತ್ತೆ." ಹಿಂದಿನ ಸೀಟಿನಿಂದ ಹೆಂಡತಿ, "ಮೀಟರ್ ಹೋದ್ರೂ ನನ್ನ ಹೊಟ್ಟೆ ಹೇಳುತ್ತೆ, ನಿಧಾನ ಹೋಗಿ" ಎಂದಳು. ಹೀಗೆ ಗಾಡಿಯೊಳಗೆ ಎರಡು ಮೀಟರುಗಳಿದ್ದವು. ಎರಡೂ ಮಾತಾಡುವಂಥವು.

ಶಿರಾಳಕೊಪ್ಪದ ಬಳಿಯ ತಾಳಗುಂದದ ಕಂಬದ ಶಾಸನ ನೆನಪಾಯಿತು. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆಯ ಸಂಬಂಧವಾಗಿ ಜಗಳವಾಗಿ, ಸಿಟ್ಟಿಗೆದ್ದು ಕತ್ತಿ ಹಿಡಿದನೆಂದು ಅದು ಹೇಳುತ್ತದೆ. ಅಂದರೆ ಕದಂಬ ರಾಜ್ಯದ ಮೂಲದಲ್ಲೂ ಒಂದು ವಾಹನದ ತಕರಾರು! ನನ್ನ ತಕರಾರಿನಿಂದ ರಾಜ್ಯವೇನೂ ಹುಟ್ಟಲಿಲ್ಲ. ಹಂಪ್ ಬಂದಾಗಲೆಲ್ಲ ಇಂಜಿನ್ ಆಫ್ ಆಗತೊಡಗಿತು, ಅಷ್ಟೇ. ಓಡುತ್ತಿದ್ದೇನೋ ನಿಂತಿದ್ದೇನೋ ಎಂಬುದೇ ಗೊತ್ತಾಗದಿದ್ದರೆ ಯಾರ ಉಸಿರು ತಾನೇ ಹದದಲ್ಲಿ ಇದ್ದೀತು?

ದಾರಿಯಲ್ಲಿ ಸಿಕ್ಕ ಒಬ್ಬರು ಬಾನೆಟ್ಟನ್ನೂ ಎತ್ತದೆ, "ಮೀಟರ್ ಬೋರ್ಡೇ ಹೋಗಿದೆ, ಹೊಸದು ಹಾಕಿಸಿ" ಎಂದರು. ಜೇಬು ಒತ್ತಿ ಹಿಡಿದು ಸೊರಬ ಸೇರಿದೆವು. ಸೊರಬವೆಂದರೆ ಗುಡಿಗಾರರ ಊರು. ಶ್ರೀಗಂಧದ ತುಂಡಿನಲ್ಲಿ ಆನೆ ಬಿಡಿಸುವ ಬೆರಳಿನ ತಾಳ್ಮೆ ಅಲ್ಲಿನ ಗ್ಯಾರೇಜಿನ ಹುಡುಗನಿಗೂ ಅಂಟಿತ್ತೋ ಏನೋ. ಮೊದಲು ಸ್ಕ್ಯಾನರ್ ಹಚ್ಚಿದ. ಪಿ 0500 ಎಂಬ ಕೋಡ್ ಬಂತು. ಗಾಡಿ ಓಡಿಸಿದರೂ ಸ್ಕ್ಯಾನರಿನಲ್ಲಿ ವೇಗ ಸೊನ್ನೆ. "ಮೀಟರ್ ಸುಳ್ಳು ಹೇಳ್ತಿಲ್ಲ ಸಾರ್, ಅದಕ್ಕೆ ಸುದ್ದಿಯೇ ಬರ್ತಿಲ್ಲ" ಎಂದ.

ಸುದ್ದಿ ಕೊಡಬೇಕಾದದ್ದು ಗೇರ್‌ಬಾಕ್ಸಿನಲ್ಲಿ ಕೂತ ಬೆರಳುದ್ದದ ಸ್ಪೀಡ್ ಸೆನ್ಸರ್. ಹಳೆಯ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಮೀಟರಿನವರೆಗೆ ತಿರುಗುವ ಕೇಬಲ್ ಇರುತ್ತಿತ್ತು. ಅದು ಸಾಯುವ ಮುನ್ನ ಮುಳ್ಳನ್ನು ಗಡಗಡ ಕುಣಿಸಿ ಮುನ್ಸೂಚನೆ ಕೊಡುತ್ತಿತ್ತು. ಈ ಸೆನ್ಸರಿಗೆ ಆ ಸೌಜನ್ಯವಿಲ್ಲ. 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಕಂಡುಹಿಡಿದ ತತ್ವವೇ ಇದರ ಬಂಡವಾಳ: ಕರೆಂಟು ಹರಿಯುವ ಪಟ್ಟಿಗೆ ಅಡ್ಡಲಾಗಿ ಅಯಸ್ಕಾಂತ ಹಿಡಿದರೆ ಪಕ್ಕದಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಹಲ್ಲಿನ ಚಕ್ರ ಮುಂದೆ ತಿರುಗಿದಂತೆ ಅಯಸ್ಕಾಂತದ ಬಲ ಹೆಚ್ಚುಕಡಿಮೆಯಾಗಿ, ಹಲ್ಲಿಗೊಂದು ಮಿಡಿತ. ಆ ಮಿಡಿತಗಳನ್ನು ಎಣಿಸಿದರೆ ಅದೇ ವೇಗ, ಅದೇ ಕಿಲೋಮೀಟರು.

ಹುಡುಗ ಕೂಡಲೇ ಸೆನ್ಸರಿಗೆ ಕೈ ಹಾಕಲಿಲ್ಲ. ಮಲೆನಾಡಿನ ಮಳೆಗೆ ಕಪ್ಲರ್ ಕಿಲುಬು ಹಿಡಿದಿದೆಯೋ, ಇಲಿ ವೈರಿನ ರುಚಿ ನೋಡಿದೆಯೋ ಎಂದು ಮೊದಲು ತಡಕಿದ. ಕಪ್ಲರಿನ ಒಂದು ವೈರಿಗೆ ಕರೆಂಟು ಬರುತ್ತಿತ್ತು, ಇನ್ನೊಂದರಲ್ಲಿ ಅರ್ತ್ ಸರಿ ಇತ್ತು. ಮುಂದಿನ ಒಂದು ಚಕ್ರಕ್ಕೆ ಜಾಕಿ ಕೊಟ್ಟು, ನ್ಯೂಟ್ರಲ್ಲಿನಲ್ಲಿ ಕೈಯಿಂದ ತಿರುಗಿಸಿದ. ಮೂರನೆಯ ವೈರಿನಲ್ಲಿ ವೋಲ್ಟು ಏರಿಳಿಯಬೇಕಿತ್ತು. ಏರಲೂ ಇಲ್ಲ, ಇಳಿಯಲೂ ಇಲ್ಲ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ.

ಹೊಸ ಸೆನ್ಸರ್ ಮರುದಿನ ಶಿವಮೊಗ್ಗದ ಬಸ್ಸಿನಲ್ಲಿ ಬಂತು. ಒಂದು ಬೋಲ್ಟು ಬಿಚ್ಚಿ, ರಬ್ಬರ್ ರಿಂಗಿಗೆ ಎಣ್ಣೆ ಸವರಿ, ಕೂರಿಸಿ, ಕೋಡ್ ಅಳಿಸಿದ. ಹಾಗೇ ದಂಡಾವತಿ ಹೊಳೆಯ ಕಡೆಗೆ ಒಂದು ಸುತ್ತು ಹೊರಟೆವು. ಮುಳ್ಳು ಮೈಮುರಿದು ಎದ್ದು ನಿಂತಿತು.

ವಾಪಸು ಬರುವಾಗ ಹೆಂಡತಿ ಲೆಕ್ಕ ತೆಗೆದಳು. ಹೊರಟ ದಿನದ ಕಿಲೋಮೀಟರುಗಳು ಮೀಟರಿನಲ್ಲಿ ಬಿದ್ದೇ ಇರಲಿಲ್ಲ. ಅಷ್ಟು ದೂರ ಗಾಡಿ ವಯಸ್ಸಾಗದೆ ಓಡಿದೆ! ಅಂಥ ಸೆನ್ಸರ್ ನನ್ನ ಮಂಡಿಗೂ ಒಂದಿದ್ದು ಕೆಟ್ಟಿದ್ದರೆ ಎಂದು ನಾನು ನಿಟ್ಟುಸಿರಿಟ್ಟೆ. "ಆ ದಾರಿಯ ಲೆಕ್ಕ ಎಲ್ಲೂ ಇಲ್ವಲ್ಲ" ಎಂದಳು ಅವಳು.

ಮಾವ ಕಿಟಕಿಯಾಚೆ ಉಗುಳಿ ಬಾಯಿ ಒರೆಸಿಕೊಂಡರು. "ಯಾಕಿಲ್ಲ? ನಾಲ್ಕು ಕವಳ."